ಎಂಸಿಬಿ ಬಿತ್ತೇ? ಎತ್ತುವ ಮೊದಲು ಎರಡು ಪ್ರಶ್ನೆ

ಮನೆಯ ಒಂದು ಭಾಗದಲ್ಲಿ ಮಾತ್ರ ಕರೆಂಟು ಹೋಗಿದೆ. ಮನೆಯ ಲೈನುಗಳಿಗೆಲ್ಲ ಕರೆಂಟು ಹಂಚುವ ಡಿಬಿ ಬಾಕ್ಸಿನ ಬಾಗಿಲು ತೆರೆದರೆ ಒಂದು ಎಂಸಿಬಿಯ (ಕರೆಂಟು ಮಿತಿ ಮೀರಿದಾಗ ತಾನೇ ಆರುವ ಸ್ವಿಚ್ಚಿನ) ಲಿವರ್ ಕೆಳಗೆ ಬಿದ್ದಿದೆ. ಹೆಚ್ಚಿನವರ ಕೈ ತಾನಾಗಿಯೇ ಅದನ್ನು ಮೇಲೆತ್ತುತ್ತದೆ. ನಿಲ್ಲದಿದ್ದರೆ ಮತ್ತೊಮ್ಮೆ ಎತ್ತುತ್ತಾರೆ. ಮೂರನೇ ಸಲಕ್ಕೆ ಬೆರಳಿನಿಂದ ಒತ್ತಿ ಹಿಡಿಯುವವರೂ ಇದ್ದಾರೆ. ಒತ್ತಿ ಹಿಡಿದು ಪ್ರಯೋಜನವಿಲ್ಲ. ಲಿವರ್ ನಿಮ್ಮ ಬೆರಳಿನಡಿ ಮೇಲೆಯೇ ಇದ್ದರೂ ಒಳಗಿನ ಸಂಪರ್ಕ ಕಡಿದುಹೋಗುವ ಹಾಗೆಯೇ ಅದನ್ನು ಮಾಡಿರುತ್ತಾರೆ. ಹಾನಿಯಂತೂ ಇದೆ. ಎಲ್ಲೋ ಷಾರ್ಟ್ ಸರ್ಕ್ಯೂಟ್ ಆಗಿದ್ದರೆ, ಎತ್ತಿದ ಪ್ರತಿ ಸಲವೂ ನೂರಾರು ಆಂಪಿಯರ್ ಕರೆಂಟು ಒಮ್ಮೆಲೇ ನುಗ್ಗುತ್ತದೆ. ಕೆಟ್ಟ ಜಾಗ ಇನ್ನಷ್ಟು ಸುಡುತ್ತದೆ, ಎಂಸಿಬಿಯ ಒಳಗಿನ ಸಂಪರ್ಕದ ತುದಿಗಳೂ ಸವೆಯುತ್ತವೆ.

ಎತ್ತುವ ಮೊದಲು ಎರಡು ವಿಷಯ ಗಮನಿಸಿದರೆ ಅರ್ಧ ಪತ್ತೆದಾರಿಕೆ ಅಲ್ಲೇ ಮುಗಿಯುತ್ತದೆ. ಬಿದ್ದದ್ದು ಯಾವುದು, ಎಂಸಿಬಿಯೋ, ಕರೆಂಟು ಸೋರಿದಾಗ ಬೀಳುವ ಆರ್‌ಸಿಸಿಬಿಯೋ? ಬಿದ್ದದ್ದು ಯಾವಾಗ? ಸ್ವಿಚ್ ಹಾಕಿದ ಕ್ಷಣದಲ್ಲೇ, ಕೆಲವು ಸೆಕೆಂಡು ಬಿಟ್ಟು, ಅರ್ಧ ಗಂಟೆ ಓಡಿದ ಮೇಲೆ, ಇಲ್ಲವೇ ಯಾರೂ ಏನನ್ನೂ ಮುಟ್ಟದೆ ಇದ್ದಾಗ? ಇವು ಒಂದೊಂದೂ ಬೇರೆ ಬೇರೆ ಕಾಯಿಲೆಯ ಲಕ್ಷಣ.

ಎಂಸಿಬಿ ಕಾಯುವುದು ಯಾರನ್ನು?

ಗೋಡೆಯೊಳಗಿನ ವೈರನ್ನು. ಮಿಕ್ಸಿಯನ್ನೂ ಅಲ್ಲ, ಟಿವಿಯನ್ನೂ ಅಲ್ಲ, ಮನುಷ್ಯರನ್ನಂತೂ ಅಲ್ಲವೇ ಅಲ್ಲ. ಈ ಒಂದು ಸಂಗತಿ ತಿಳಿಯದೆ ಆಗುವ ಎಡವಟ್ಟುಗಳೇ ಹೆಚ್ಚು.

ವೈರಿನಲ್ಲಿ ಕರೆಂಟು ಹರಿದಾಗ ಅದು ಬಿಸಿಯಾಗುತ್ತದೆ, ಮತ್ತು ಆ ಬಿಸಿ ಕರೆಂಟಿನ ವರ್ಗಕ್ಕೆ, ಅಂದರೆ ಕರೆಂಟಿನ ಅಂಕಿಯನ್ನು ಅದರಿಂದಲೇ ಗುಣಿಸಿದ್ದಕ್ಕೆ, ತಕ್ಕಂತೆ ಏರುತ್ತದೆ. 16 ಆಂಪಿಯರ್ ಹರಿಯಬೇಕಾದ ಕಡೆ 20 ಆಂಪಿಯರ್ ಹರಿದರೆ ಕರೆಂಟು ಕಾಲು ಪಾಲು ಹೆಚ್ಚಾಯಿತು ಅಷ್ಟೇ ಅನ್ನಿಸುತ್ತದೆ. ಹುಟ್ಟುವ ಶಾಖ ಮಾತ್ರ ಒಂದೂವರೆ ಪಟ್ಟನ್ನೂ ಮೀರುತ್ತದೆ. 32 ಹರಿದರೆ ನಾಲ್ಕು ಪಟ್ಟು. ಸಾಮಾನ್ಯ ವೈರಿನ ಪಿವಿಸಿ ಹೊದಿಕೆ ತಾಳುವುದು 70 ಡಿಗ್ರಿ ಸೆಲ್ಸಿಯಸ್ ತನಕ. ಅದಕ್ಕಿಂತ ಬಿಸಿಯಲ್ಲಿ ದಿನವೂ ಇದ್ದರೆ ಹೊದಿಕೆ ಗಟ್ಟಿಯಾಗಿ, ಬಿರುಕು ಬಿಟ್ಟು ಉದುರತೊಡಗುತ್ತದೆ. ಗೋಡೆಯೊಳಗೆ ನಡೆಯುವ ಈ ಕೆಲಸ ಕಣ್ಣಿಗೆ ಕಾಣುವುದಿಲ್ಲ.

ಆದ್ದರಿಂದಲೇ ‘ಪದೇ ಪದೇ ಬೀಳುತ್ತಿದೆ, 16ರ ಬದಲು 32ರದ್ದು ಹಾಕಿಬಿಡಿ’ ಎನ್ನುವ ಸಲಹೆ ಅಪಾಯದ್ದು. ಎಂಸಿಬಿ ಬೀಳುವುದು ನಿಲ್ಲುತ್ತದೆ ನಿಜ, ವೈರು ಮಾತ್ರ ಹಳೆಯದೇ ಇರುತ್ತದೆ. ಮೊದಲು ದಪ್ಪ ವೈರು ಎಳೆಸಿ, ಆಮೇಲೆ ದೊಡ್ಡ ಎಂಸಿಬಿ ಹಾಕಿಸಬೇಕು. ಹಿಂದೆ ಫ್ಯೂಸಿಗೆ ಎರಡು ಮೂರು ಎಳೆ ತಂತಿ ಸುತ್ತುತ್ತಿದ್ದರಲ್ಲ, ಆ ಚಾಳಿಯ ಹೊಸ ರೂಪ ಇದು.

ಒಳಗಿರುವ ಎರಡು ಯಂತ್ರ

ಎಂಸಿಬಿಯ ಪುಟ್ಟ ಪೆಟ್ಟಿಗೆಯೊಳಗೆ ಕರೆಂಟಿನ ಮೇಲೆ ಕಣ್ಣಿಡುವ ಸಾಧನ ಎರಡಿವೆ, ಒಂದು ನಿಧಾನದ್ದು, ಇನ್ನೊಂದು ಅವಸರದ್ದು. ಎರಡನ್ನೂ ಒಂದೇ ಚಿಕ್ಕ ಪೆಟ್ಟಿಗೆಯಲ್ಲಿ ಕೂರಿಸಿದ್ದಕ್ಕೆ 1924ರಲ್ಲಿ ಜರ್ಮನಿಯ ಹ್ಯೂಗೋ ಸ್ಟೊಟ್ಸ್ ಪೇಟೆಂಟ್ ಪಡೆದರು. ನೂರು ವರ್ಷ ಕಳೆದರೂ ತತ್ವ ಅದೇ.

ನಿಧಾನದ್ದು ಎರಡು ಲೋಹಗಳನ್ನು ಬೆಸೆದು ಮಾಡಿದ ಪಟ್ಟಿ. ಕರೆಂಟು ಅದರ ಮೂಲಕವೇ ಹಾದುಹೋಗುತ್ತದೆ. ಬಿಸಿಯಾದಾಗ ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ. ಸಾಕಷ್ಟು ಬಾಗಿದಾಗ ಕೊಂಡಿ ತಪ್ಪಿಸಿ ಲಿವರನ್ನು ಬೀಳಿಸುತ್ತದೆ. ಇದು ಓವರ್‌ಲೋಡ್ ಹಿಡಿಯುವುದಕ್ಕೆ. ಅವಸರದ್ದು ತಾಮ್ರದ ತಂತಿಯ ಸುರುಳಿ. ಷಾರ್ಟ್ ಆಗಿ ಕರೆಂಟು ಒಮ್ಮೆಲೇ ಉಕ್ಕಿದಾಗ ಸುರುಳಿ ಅಯಸ್ಕಾಂತವಾಗಿ ಒಂದು ಕಬ್ಬಿಣದ ಕಡ್ಡಿಯನ್ನು ಎಳೆದು ಸಂಪರ್ಕ ಕಡಿಯುತ್ತದೆ. ಸಾಮಾನ್ಯವಾಗಿ ಸೆಕೆಂಡಿನ ನೂರನೇ ಒಂದು ಪಾಲಿನ ಆಸುಪಾಸಿನಲ್ಲಿ ಇಷ್ಟೂ ಮುಗಿದಿರುತ್ತದೆ.

ಮನೆಬಳಕೆಯ ಎಂಸಿಬಿಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 60898ರಲ್ಲಿ ಕೊಟ್ಟಿರುವ ಕೆಲವು ಅಂಕಿಗಳು ಪತ್ತೆ ಕೆಲಸಕ್ಕೆ ತುಂಬಾ ಉಪಯೋಗ. ಬರೆದ ಮಿತಿಯ 1.13 ಪಟ್ಟು ಕರೆಂಟು ಹರಿದರೆ ಒಂದು ಗಂಟೆಯೊಳಗೆ ಎಂಸಿಬಿ ಬೀಳಬಾರದು. 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ಅಂದರೆ 16 ಎಂದು ಬರೆದದ್ದು 18 ಆಂಪಿಯರ್ ಹರಿದರೂ ಗಂಟೆಗಟ್ಟಲೆ ಸುಮ್ಮನಿರಬಹುದು. 23ಕ್ಕೆ ಬೀಳಲೇಬೇಕು, ಆದರೆ ಅರ್ಧ ಗಂಟೆ ತಡವಾದರೂ ತಪ್ಪಲ್ಲ. ಈ ಎರಡರ ನಡುವೆ ಬಿದ್ದರೂ ಬೀಳಬಹುದು, ಬೀಳದೆಯೂ ಇರಬಹುದು. ‘ನಿನ್ನೆ ಇಷ್ಟೇ ಲೋಡ್ ಇತ್ತು, ಬೀಳಲಿಲ್ಲ, ಇವತ್ತು ಯಾಕೆ ಬಿತ್ತು’ ಎಂಬ ಪ್ರಶ್ನೆಗೆ ಬಹಳ ಸಲ ಉತ್ತರ ಈ ನಡುವಿನ ಜಾಗದಲ್ಲೇ ಇರುತ್ತದೆ. ಈ ಅಂಕಿಗಳು 30 ಡಿಗ್ರಿ ಸೆಲ್ಸಿಯಸ್ ಸುತ್ತಲಿನ ತಾಪಕ್ಕೆ ಹೇಳಿದವು ಎಂಬುದೂ ನೆನಪಿರಲಿ. ಹತ್ತಾರು ಎಂಸಿಬಿಗಳು ಒತ್ತೊತ್ತಾಗಿ ಕೂತ, ಬಿಸಿಲು ಬೀಳುವ ಗೋಡೆಯ ಬಾಕ್ಸಿನಲ್ಲಿ ಪಟ್ಟಿ ಮೊದಲೇ ಅರ್ಧ ಬಾಗಿ ಕೂತಿರುತ್ತದೆ.

ಇನ್ನು ಎಂಸಿಬಿಯ ಮುಖದ ಮೇಲೆ ಆಂಪಿಯರ್ ಅಂಕಿಗೆ ಮೊದಲು ಇರುವ ಅಕ್ಷರ. ಅದು ಅವಸರದ ಯಂತ್ರಕ್ಕೆ ಸಂಬಂಧಿಸಿದ್ದು. ಬಿ ವರ್ಗದ್ದು ಮಿತಿಯ 3ರಿಂದ 5 ಪಟ್ಟಿಗೆ ತಟ್ಟನೆ ಬೀಳುತ್ತದೆ, ಸಿ ವರ್ಗದ್ದು 5ರಿಂದ 10 ಪಟ್ಟಿಗೆ, ಡಿ ವರ್ಗದ್ದು 10ರಿಂದ 20 ಪಟ್ಟಿಗೆ.

ತಡವಾಗಿ ಬಿದ್ದರೆ

ಕೆಲವು ನಿಮಿಷ ಓಡಿ ಆಮೇಲೆ ಬಿದ್ದರೆ ಮೊದಲ ಅನುಮಾನ ಓವರ್‌ಲೋಡ್ ಮೇಲೆ. ಲೆಕ್ಕ ಸುಲಭ: ಆ ಲೈನಿನ ಮೇಲಿರುವ ಉಪಕರಣಗಳ ವ್ಯಾಟನ್ನೆಲ್ಲ ಕೂಡಿಸಿ, ವೋಲ್ಟಿನಿಂದ ಭಾಗಿಸಿ. 230 ವೋಲ್ಟ್ ಸರಬರಾಜು ಇರುವ ಕಡೆ 2000 ವ್ಯಾಟ್ ಗೀಸರ್, 1500 ವ್ಯಾಟ್ ಕೆಟಲ್, 1000 ವ್ಯಾಟ್ ಇಸ್ತ್ರಿಪೆಟ್ಟಿಗೆ ಒಟ್ಟಿಗೆ ನಡೆದರೆ 4500 ವ್ಯಾಟ್, ಅಂದರೆ ಹೆಚ್ಚುಕಡಿಮೆ 19.6 ಆಂಪಿಯರ್. 16ರ ಎಂಸಿಬಿಗೆ ಇದು 1.22 ಪಟ್ಟು, ಮೇಲೆ ಹೇಳಿದ ನಡುವಿನ ಜಾಗಕ್ಕೆ ಸರಿಯಾಗಿ ಬಂದು ಕೂತಿತು. 120 ವೋಲ್ಟಿನ ದೇಶಗಳಲ್ಲಿ ಅಷ್ಟೇ ವ್ಯಾಟಿಗೆ ಸುಮಾರು ಎರಡು ಪಟ್ಟು ಆಂಪಿಯರ್ ಬೇಕಾಗುವುದರಿಂದ ಈ ತಕರಾರು ಅಲ್ಲಿ ಇನ್ನೂ ಬೇಗ ಏಳುತ್ತದೆ.

ಲೆಕ್ಕ ಹಾಕುವಾಗ ನೋಡಬೇಕಾದದ್ದು ಬಿಸಿ ಮಾಡುವ ಸಾಮಾನುಗಳನ್ನು. ಗೀಸರ್, ಹೀಟರ್, ಓವನ್, ಕೆಟಲ್, ಇಸ್ತ್ರಿಪೆಟ್ಟಿಗೆ, ಕೂದಲು ಒಣಗಿಸುವ ಡ್ರೈಯರ್. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್‌ಗಳನ್ನು ಒಂದೊಂದಾಗಿ ಆರಿಸುತ್ತಾ ಕೂರುವುದು ವ್ಯರ್ಥ ಶ್ರಮ. ಎಕ್ಸ್‌ಟೆನ್ಶನ್ ಬಾಕ್ಸಿನಲ್ಲಿ ನಾಲ್ಕು ಸಾಕೆಟ್ ಇದೆ ಎಂದ ಮಾತ್ರಕ್ಕೆ ಹಿಂದಿನ ವೈರು ನಾಲ್ಕು ಆಗುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಓವರ್‌ಲೋಡಿನಿಂದ ಬಿದ್ದ ಎಂಸಿಬಿ ಕೂಡಲೇ ಎತ್ತಿದರೆ ಕೆಲವೊಮ್ಮೆ ನಿಲ್ಲುವುದೇ ಇಲ್ಲ. ಕೆಟ್ಟುಹೋಗಿದೆ ಎಂದು ಗಾಬರಿ ಬೇಡ. ಪಟ್ಟಿ ಇನ್ನೂ ಬಿಸಿಯಾಗಿದೆ. ಲೋಡ್ ತೆಗೆದು ಕೆಲವು ನಿಮಿಷ ಬಿಟ್ಟು ಎತ್ತಿ.

ಲೆಕ್ಕದಲ್ಲಿ ಲೋಡ್ ಕಡಿಮೆಯೇ ಇದೆ, ಆದರೂ ಬೀಳುತ್ತದೆ ಎಂದರೆ? ಎಂಸಿಬಿಗೆ ವೈರು ಸಿಕ್ಕಿಸಿದ ಜಾಗದ ಸ್ಕ್ರೂ ಸಡಿಲವಾಗಿರಬಹುದು. ಸಡಿಲ ಸಂಪರ್ಕದಲ್ಲಿ ಹುಟ್ಟಿದ ಬಿಸಿ ಲೋಹದ ಮೂಲಕ ಒಳಗಿನ ಪಟ್ಟಿಗೆ ತಲುಪುತ್ತದೆ. ಪಟ್ಟಿಗೆ ಬಿಸಿ ಎಲ್ಲಿಂದ ಬಂತೆಂದು ಗೊತ್ತಾಗುವುದಿಲ್ಲ, ಬಾಗುತ್ತದೆ. ಪ್ಲಾಸ್ಟಿಕ್ ಕಂದಾಗಿರುವುದು, ಸುಟ್ಟ ವಾಸನೆ, ಮುಟ್ಟಲಾಗದಷ್ಟು ಬಿಸಿ ಇದರ ಗುರುತುಗಳು. ಬಾಕ್ಸಿನ ಒಳ ಮುಚ್ಚಳ ತೆಗೆದು ಸ್ಕ್ರೂ ಬಿಗಿಮಾಡುವುದು ಎಲೆಕ್ಟ್ರಿಷಿಯನ್ ಕೆಲಸ. ಮೇನ್ ಆರಿಸಿದ್ದರೂ ಮೇನಿಗೆ ಬರುವ ತಂತಿಗಳಲ್ಲಿ ಕರೆಂಟು ಇದ್ದೇ ಇರುತ್ತದೆ.

ತಟ್ಟನೆ ಬಿದ್ದರೆ

ಸ್ವಿಚ್ ಹಾಕುತ್ತಲೇ ಬಿದ್ದರೆ ಕರೆಂಟು ತರುವ ಫೇಸ್ ತಂತಿ, ಅದು ಮರಳುವ ನ್ಯೂಟ್ರಲನ್ನೋ ನೆಲಕ್ಕೆ ಸೇರಿಸಿದ ಅರ್ತನ್ನೋ ನೇರವಾಗಿ ಮುಟ್ಟಿದೆ ಎಂದು ಊಹಿಸಬಹುದು. ಬಳಸಿ ಬಳಸಿ ನುಲಿದುಹೋದ ಇಸ್ತ್ರಿಪೆಟ್ಟಿಗೆಯ ವೈರು, ಪ್ಲಗ್ಗಿನೊಳಗೆ ಬಿಡಿಸಿಕೊಂಡ ಎಳೆ, ಇಲಿ ಕಡಿದ ವೈರು, ಹಲ್ಲಿಯೋ ಇರುವೆಯೋ ಸೇರಿಕೊಂಡ ಸ್ವಿಚ್ ಬೋರ್ಡು, ಗೋಡೆಗೆ ಮೊಳೆ ಹೊಡೆದಾಗ ತಾಗಿದ ಲೈನು. ಕೊನೆಯದು ಸೋಜಿಗವೇನಲ್ಲ. ಮೊಳೆ ಹೊಡೆದ ದಿನವೇ ಬೀಳದೆ, ಎಷ್ಟೋ ದಿನ ಕಳೆದು ತೇವ ಒಳಗಿಳಿದಾಗ ಬೀಳುವುದೂ ಉಂಟು.

ತಟ್ಟನೆ ಬಿದ್ದರೂ ದೋಷವೇ ಇಲ್ಲದ ಒಂದು ಸಂದರ್ಭವಿದೆ, ಮೋಟಾರ್. ಪಂಪು, ಎಸಿಯ ಕಂಪ್ರೆಸರ್‌ನಂಥವು ನೇರವಾಗಿ ಚಾಲೂ ಆಗುವ ಕ್ಷಣದಲ್ಲಿ ಓಡುವಾಗಿನ ಕರೆಂಟಿನ ಐದಾರು ಪಟ್ಟು ಎಳೆಯುತ್ತವೆ. ಓಡುವಾಗ 9 ಆಂಪಿಯರ್ ಎಳೆಯುವ ಮೋಟಾರ್ ಏಳುವಾಗ 54ರಷ್ಟು ಎಳೆದರೆ, 16ರ ಬಿ ವರ್ಗದ ಎಂಸಿಬಿಯ ತಟ್ಟನೆ ಬೀಳುವ ವಲಯವಾದ 48ರಿಂದ 80ರೊಳಗೆ ಅದು ಬಂದುಬಿಟ್ಟಿತು. ಅದೇ 16ರ ಸಿ ವರ್ಗದ್ದಾದರೆ 80ರ ತನಕ ಅಲುಗಾಡುವುದಿಲ್ಲ. ಇಲ್ಲಿ ವರ್ಗ ಬದಲಿಸುವುದು ಸರಿಯಾದ ಮದ್ದು, ಆಂಪಿಯರ್ ಏರಿಸುವುದಲ್ಲ. ಆದರೆ ಸಿ ವರ್ಗಕ್ಕೆ ಹೋದಾಗ ಷಾರ್ಟ್ ಆದಾಗಿನ ಕರೆಂಟು ಅದನ್ನು ಬೀಳಿಸುವಷ್ಟು ಹರಿಯುತ್ತದೆಯೇ ಎಂದು ಅಳೆಯಬೇಕು. ಉದ್ದನೆಯ ಸಣ್ಣ ವೈರಿದ್ದ ಕಡೆ ಇದು ಬರೀ ಔಪಚಾರಿಕ ಮಾತಲ್ಲ.

ಮೋಟಾರ್ ತಿರುಗದೆ ಬರೀ ಗುಂಯ್‌ಗುಟ್ಟಿ ಕೆಲವು ಸೆಕೆಂಡಿಗೆ ಎಂಸಿಬಿ ಬಿದ್ದರೆ ಕಥೆ ಬೇರೆ. ಮೋಟಾರನ್ನು ಏಳಿಸುವ ಕೆಪಾಸಿಟರ್ ಸೋತಿರಬಹುದು, ಇಲ್ಲವೇ ಪಂಪಿನ ಒಳಗೆ ಏನೋ ಸಿಕ್ಕಿಕೊಂಡಿರಬಹುದು. ಏಳುವಾಗಿನ ಭಾರೀ ಕರೆಂಟು ಇಳಿಯದೆ ಹಾಗೇ ಹರಿಯುತ್ತಿದೆ ಎಂದರ್ಥ. ಮತ್ತೆ ಮತ್ತೆ ಪ್ರಯತ್ನಿಸಿದರೆ ಮೋಟಾರಿನ ಸುರುಳಿಯೇ ಸುಟ್ಟೀತು.

ಹುಡುಕುವ ಕ್ರಮ

ಒದ್ದೆ ಕೈ, ಒದ್ದೆ ನೆಲ ಬೇಡ. ಸುಟ್ಟ ವಾಸನೆ, ಹೊಗೆ, ಚಟಚಟ ಸದ್ದು ಇದ್ದರೆ ಹುಡುಕುವುದೂ ಬೇಡ. ಮೇನ್ ಆರಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ.

ಇಲ್ಲದಿದ್ದರೆ, ಬಿದ್ದ ಲೈನಿನ ಮೇಲಿರುವ ಎಲ್ಲ ಪ್ಲಗ್ಗುಗಳನ್ನು ಕೀಳಿ. ಸ್ವಿಚ್ ಆರಿಸಿದರೆ ಸಾಲದು, ಕೀಳಲೇಬೇಕು. ಗೋಡೆಯ ಸಾಮಾನ್ಯ ಸ್ವಿಚ್ ಫೇಸ್ ತಂತಿಯೊಂದನ್ನೇ ಕಡಿಯುತ್ತದೆ, ನ್ಯೂಟ್ರಲ್ ಮತ್ತು ಅರ್ತ್ ಹಾಗೇ ಸೇರಿಕೊಂಡಿರುತ್ತವೆ. ಈ ವ್ಯತ್ಯಾಸ ಮುಂದೆ ಆರ್‌ಸಿಸಿಬಿಯ ವಿಷಯದಲ್ಲಿ ಭಾರೀ ಮುಖ್ಯವಾಗುತ್ತದೆ. ಬಲ್ಬು, ಫ್ಯಾನುಗಳ ಸ್ವಿಚ್ಚುಗಳನ್ನೂ ಆರಿಸಿ. ಆಮೇಲೆ ಲಿವರನ್ನು ಒಮ್ಮೆ ಪೂರ್ತಿ ಕೆಳಗೆ ಒತ್ತಿ, ಬಳಿಕ ಮೇಲೆತ್ತಿ. ಕೆಲವು ಬ್ರೇಕರುಗಳಲ್ಲಿ ಟ್ರಿಪ್ ಆದ ಲಿವರ್ ನಡುವೆ ನಿಂತಿರುತ್ತದೆ, ಪೂರ್ತಿ ಕೆಳಗೆ ಹೋಗದೆ ಅದು ಕೊಂಡಿ ಹಿಡಿಯುವುದಿಲ್ಲ.

ಎಲ್ಲ ಕಿತ್ತಿದ್ದರೂ ಕೂಡಲೇ ಬಿದ್ದರೆ ದೋಷ ಗೋಡೆಯೊಳಗಿನ ವೈರಿನಲ್ಲೋ, ಸಾಕೆಟ್ಟಿನಲ್ಲೋ, ನೇರವಾಗಿ ಜೋಡಿಸಿದ ಸಾಮಾನಿನಲ್ಲೋ ಇದೆ. ನಿಮ್ಮ ಹುಡುಕಾಟ ಅಲ್ಲಿಗೆ ನಿಲ್ಲಲಿ. ಲಿವರ್ ಬೀಳದೆ ನಿಂತರೆ ಸಮಾಧಾನದಿಂದ ಒಂದೊಂದೇ ಸ್ವಿಚ್, ಒಂದೊಂದೇ ಪ್ಲಗ್ ಹಾಕುತ್ತಾ ಬನ್ನಿ. ಅವಸರ ಮಾಡಿದರೆ ತಪ್ಪು ಸಾಮಾನು ಸಿಕ್ಕಿಬೀಳುತ್ತದೆ. ಬಿಸಿಯಾದ ಮೇಲೆ ಕೈಕೊಡುವ ಉಪಕರಣಕ್ಕೆ ಬಿಸಿಯಾಗಲು ಸಮಯ ಕೊಡಬೇಕು. ವಾಷಿಂಗ್ ಮಷೀನ್ ನೀರು ಕಾಯಿಸುವ ಹಂತಕ್ಕೆ ಬಂದಾಗ ಮಾತ್ರ ಬೀಳಿಸುತ್ತಿರಬಹುದು. ಅನುಮಾನ ಬಂದ ಉಪಕರಣವನ್ನು ಬೇರೆ ಲೈನಿನ ಸಾಕೆಟ್ಟಿಗೆ ಒಮ್ಮೆ ಹಾಕಿ ನೋಡಿ. ಅಲ್ಲೂ ಬೀಳಿಸಿದರೆ ತಪ್ಪಿತಸ್ಥ ಅದೇ.

ಆರ್‌ಸಿಸಿಬಿ ಬಿದ್ದರೆ ಆಟವೇ ಬೇರೆ

ಮುಖದ ಮೇಲೆ ‘ಟೆಸ್ಟ್’ ಗುಂಡಿ ಇರುವುದು ಆರ್‌ಸಿಸಿಬಿ. ಇದು ಕಾಯುವುದು ಮನುಷ್ಯರನ್ನು. ಬಾಗಿಲಲ್ಲಿ ಕೂತು ಒಳಗೆ ಹೋದವರನ್ನೂ ಹೊರಗೆ ಬಂದವರನ್ನೂ ಎಣಿಸುವ ಕಾವಲುಗಾರನ ಹಾಗೆ, ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಅಷ್ಟೇ ಮರಳಿತೇ ಎಂದು ಸದಾ ತಾಳೆ ನೋಡುತ್ತದೆ. ವ್ಯತ್ಯಾಸ ಬಂತೆಂದರೆ ಎಲ್ಲೋ ಸೋರಿ ನೆಲಕ್ಕಿಳಿಯುತ್ತಿದೆ, ಬಹುಶಃ ಯಾರದೋ ದೇಹದ ಮೂಲಕ. ಮನೆಗೆ ಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ 15ರ ತನಕ ಬೀಳಬಾರದು, 30ಕ್ಕೆ ಸೆಕೆಂಡಿನ ಮೂರನೇ ಒಂದು ಪಾಲೂ ಆಗದಷ್ಟರಲ್ಲಿ ಬೀಳಲೇಬೇಕು. ಇಷ್ಟು ಚಿಕ್ಕ ಅಂಕಿ ಯಾಕೆಂದರೆ, ಹಿಡಿದ ತಂತಿಯನ್ನು ಬಿಡಲಾಗದಂತೆ ಸ್ನಾಯುಗಳು ಸೆಟೆದುಕೊಳ್ಳಲು ಹತ್ತು ಹದಿನೈದು ಮಿಲಿಆಂಪಿಯರ್ ಸಾಕು. ಇದನ್ನು ಪ್ರಯೋಗಗಳಿಂದ ಅಳೆದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್. ಅಮೆರಿಕದಲ್ಲಿ ಬಳಕೆಗೆ ಬಂದ ಇಂಥದೇ ರಕ್ಷಣಾ ಸಾಧನವನ್ನು 1961ರಲ್ಲಿ ರೂಪಿಸಿದವರೂ ಅವರೇ. 16 ಆಂಪಿಯರಿನ ಎಂಸಿಬಿಗೆ ಈ ಸೋರಿಕೆ ಲೆಕ್ಕಕ್ಕೇ ಬರುವುದಿಲ್ಲ.

ಆರ್‌ಸಿಸಿಬಿ ಬಿದ್ದಾಗ ಮೊದಲು ನೋಡಬೇಕಾದದ್ದು ನೀರು ಮತ್ತು ಬಿಸಿ ಒಟ್ಟಿಗೆ ಇರುವ ಸಾಮಾನು. ಗೀಸರಿನ ಎಲಿಮೆಂಟಿನಲ್ಲಿ ಬಿಸಿಯಾಗುವ ತಂತಿಗೂ ಹೊರಗಿನ ಲೋಹದ ಕೊಳವೆಗೂ ನಡುವೆ ಮೆಗ್ನೀಸಿಯಮ್ ಆಕ್ಸೈಡ್ ಪುಡಿ ಗಿಡಿದಿರುತ್ತಾರೆ. ಕೊಳವೆಯಲ್ಲಿ ಕೂದಲೆಳೆಯ ಬಿರುಕು ಬಂದರೂ ಪುಡಿ ತೇವ ಹೀರಿ ಕರೆಂಟು ಸೋರಿಸುತ್ತದೆ. ಹೊರಗಿನ ದೀಪಗಳು, ತೇವದ ಗೋಡೆಯೊಳಗಿನ ಜೋಡಣೆಗಳು ಮುಂದಿನ ಅನುಮಾನಿತರು. ಮಳೆ ಬಂದಾಗ ಬಿದ್ದು, ಬಿಸಿಲಿಗೆ ತಾನೇ ಸರಿಹೋಗುವ ದೋಷ ಇಲ್ಲೇ ಇರುತ್ತದೆ.

ಒಂದು ಉಪಕರಣವೂ ಕೆಡದೆ ಬೀಳುವುದೂ ಉಂಟು. ಕಂಪ್ಯೂಟರ್, ವಾಷಿಂಗ್ ಮಷೀನ್, ಇನ್ವರ್ಟರ್ ಎಸಿಗಳಂಥ ಎಲೆಕ್ಟ್ರಾನಿಕ್ ಸಾಮಾನುಗಳ ಫಿಲ್ಟರುಗಳು ಸಹಜವಾಗಿಯೇ ಅಷ್ಟಿಷ್ಟು ಕರೆಂಟನ್ನು ಅರ್ತಿಗೆ ಬಿಡುತ್ತವೆ. ಹತ್ತು ಸಾಮಾನುಗಳ ಈ ಚೂರುಪಾರು ಸೇರಿ 15 ಮಿಲಿಆಂಪಿಯರ್ ದಾಟಿದರೆ ಇಡೀ ಮನೆಗಿರುವ ಒಂದೇ ಆರ್‌ಸಿಸಿಬಿ ಯಾವ ಗಳಿಗೆಯಲ್ಲಾದರೂ ಬೀಳಬಹುದು. ಲೈನುಗಳನ್ನು ಹಂಚಿ, ಎಂಸಿಬಿ ಮತ್ತು ಆರ್‌ಸಿಸಿಬಿ ಎರಡರ ಕೆಲಸವನ್ನೂ ಮಾಡುವ ಆರ್‌ಸಿಬಿಒಗಳನ್ನು ಪ್ರತ್ಯೇಕವಾಗಿ ಹಾಕಿಸುವುದು ಇದಕ್ಕೆ ಒಳ್ಳೆಯ ಪರಿಹಾರ. ಹಾಗೆ ಮಾಡಿದರೆ ಗೀಸರಿನ ತಪ್ಪಿಗೆ ಫ್ರಿಜ್ಜಿಗೆ ಶಿಕ್ಷೆಯಾಗುವುದಿಲ್ಲ.

ಹುಡುಕಲು ಎಲ್ಲ ಎಂಸಿಬಿಗಳನ್ನು ಕೆಳಗಿಳಿಸಿ, ಆರ್‌ಸಿಸಿಬಿ ಎತ್ತಿ, ಆಮೇಲೆ ಎಂಸಿಬಿಗಳನ್ನು ಒಂದೊಂದಾಗಿ ಎತ್ತಬೇಕು. ಯಾವುದನ್ನು ಎತ್ತಿದಾಗ ಬೀಳುತ್ತದೋ ಆ ಲೈನಿನಲ್ಲಿ ಸೋರಿಕೆ. ಹೆಚ್ಚಿನ ಸಲ ಇಷ್ಟಕ್ಕೇ ಸಿಗುತ್ತದೆ. ಸಿಗದಿದ್ದಾಗ ಅನುಭವಸ್ಥರೂ ತಲೆ ಕೆರೆದುಕೊಳ್ಳುವ ಒಂದು ದೋಷವಿದೆ: ನ್ಯೂಟ್ರಲ್ ತಂತಿ ಎಲ್ಲೋ ಅರ್ತನ್ನು ಮುಟ್ಟಿರುವುದು.

ಇದರ ಚೇಷ್ಟೆ ಹೀಗೆ. ಒಂದು ಲೈಟಿನ ನ್ಯೂಟ್ರಲ್ ತಂತಿಯ ಹೊದಿಕೆ ಸವೆದು ಲೋಹದ ಪೆಟ್ಟಿಗೆಗೆ ತಾಗಿದೆ ಎನ್ನಿ. ಷಾರ್ಟ್ ಆಗುವುದಿಲ್ಲ, ಯಾಕೆಂದರೆ ನ್ಯೂಟ್ರಲಿಗೂ ಅರ್ತಿಗೂ ವೋಲ್ಟ್ ವ್ಯತ್ಯಾಸ ಬಲು ಕಡಿಮೆ. ಲೋಡ್ ಇಲ್ಲದಾಗ ಆರ್‌ಸಿಸಿಬಿಯೂ ಸುಮ್ಮನಿರುತ್ತದೆ. ಬೇರೆ ಕೋಣೆಯಲ್ಲಿ ಯಾರೋ ಇಸ್ತ್ರಿಪೆಟ್ಟಿಗೆ ಹಾಕುತ್ತಾರೆ. ಅದರ ಕರೆಂಟು ಮರಳುವಾಗ ಒಂದು ಸಣ್ಣ ಪಾಲು ನ್ಯೂಟ್ರಲ್ ಬಿಟ್ಟು, ತಾಗಿದ ಜಾಗದ ಮೂಲಕ ಅರ್ತಿನ ದಾರಿ ಹಿಡಿಯುತ್ತದೆ. 4 ಆಂಪಿಯರಿನಲ್ಲಿ ನೂರನೇ ಒಂದು ಪಾಲು ಅಡ್ಡದಾರಿ ಹಿಡಿದರೂ 40 ಮಿಲಿಆಂಪಿಯರ್. ಆರ್‌ಸಿಸಿಬಿ ಬೀಳುತ್ತದೆ, ದೂರು ಇಸ್ತ್ರಿಪೆಟ್ಟಿಗೆಯ ಮೇಲೆ! ಅದನ್ನು ಕಿತ್ತೆಸೆದು ಹೊಸದು ತಂದರೂ ಬೀಳುತ್ತದೆ. ಲೈಟಿನ ಎಂಸಿಬಿ ಆರಿಸಿಟ್ಟರೂ ಬೀಳುತ್ತದೆ, ಒಂದೇ ಪೋಲಿನ ಎಂಸಿಬಿ ನ್ಯೂಟ್ರಲನ್ನು ಕಡಿಯುವುದೇ ಇಲ್ಲವಲ್ಲ. ‘ಯಾವ ಭಾರದ ಸಾಮಾನು ಹಾಕಿದರೂ ಬೀಳುತ್ತದೆ, ನಿರ್ದಿಷ್ಟವಾಗಿ ಇದೇ ಎಂದಿಲ್ಲ’ ಎಂಬ ಲಕ್ಷಣ ಕಂಡರೆ ನ್ಯೂಟ್ರಲನ್ನು ಶಂಕಿಸಬೇಕು. ಮೊದಲು ಪ್ಲಗ್ಗುಗಳನ್ನೆಲ್ಲ ಕಿತ್ತು ಪರೀಕ್ಷಿಸಿ, ಆಗಲೂ ಸಿಗದಿದ್ದರೆ ಎಲೆಕ್ಟ್ರಿಷಿಯನ್ ಡಿಬಿಯಲ್ಲಿ ನ್ಯೂಟ್ರಲ್ ತಂತಿಗಳನ್ನು ಒಂದೊಂದಾಗಿ ಬಿಡಿಸಿ, 500 ವೋಲ್ಟಿನ ಮೆಗ್ಗರ್ (ಹೊದಿಕೆಯ ತಡೆ ಅಳೆಯುವ ಸಾಧನ) ಹಚ್ಚಿ ಅಳೆಯಬೇಕು. ಹೊದಿಕೆಯ ತಡೆ 1 ಮೆಗಾಓಮಿಗಿಂತ ಕಡಿಮೆ ತೋರಿಸುವ ಲೈನು ಸಿಕ್ಕಿಬೀಳುತ್ತದೆ. ಯುಪಿಎಸ್ ಹಾಕಿಸಿದ ಮರುದಿನದಿಂದ ಆರ್‌ಸಿಸಿಬಿ ಬೀಳತೊಡಗಿದರೆ, ಎರಡು ಲೈನುಗಳ ನ್ಯೂಟ್ರಲ್ ಬೆರೆತಿರುವ ಸಾಧ್ಯತೆಯೇ ಹೆಚ್ಚು.

ಆರ್‌ಸಿಸಿಬಿ ಬೀಳದಂತೆ ಮಾಡಲು ಪ್ಲಗ್ಗಿನ ಅರ್ತ್ ಪಿನ್ ಮುರಿಯುವುದು, ಅರ್ತ್ ತಂತಿ ಬಿಚ್ಚುವುದು ಎಂಬ ‘ಪರಿಹಾರ’ವೂ ಚಾಲ್ತಿಯಲ್ಲಿದೆ. ಸೋರಿಕೆ ಅದರಿಂದ ನಿಲ್ಲುವುದಿಲ್ಲ. ಅರ್ತಿಗೆ ಇಳಿಯುತ್ತಿದ್ದ ಕರೆಂಟು ಉಪಕರಣದ ಮೈಮೇಲೆ ನಿಂತಿರುತ್ತದೆ, ಮುಟ್ಟಿದವರ ಮೂಲಕ ದಾರಿ ಸಿಕ್ಕಾಗಲೇ ಆರ್‌ಸಿಸಿಬಿಗೆ ಸುದ್ದಿ ತಲುಪುತ್ತದೆ.

ಆರ್‌ಸಿಸಿಬಿಗೂ ಕಾಣದ್ದು ಇದೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವರನ್ನು ಅದು ಬಲ್ಬು ಎಂದೇ ತಿಳಿಯುತ್ತದೆ. ಸಡಿಲ ಸಾಕೆಟ್ಟಿನಲ್ಲಿ ಕಿಡಿ ಹಾರುತ್ತಿದ್ದರೆ ಆರ್‌ಸಿಸಿಬಿ, ಎಂಸಿಬಿ ಎರಡೂ ಸುಮ್ಮನಿರುತ್ತವೆ. ಬಿಸಿಯಾಗುವ ಸಾಕೆಟ್, ಕರಿಗಟ್ಟಿದ ಪ್ಲಗ್ ಪಿನ್ ಕಂಡರೆ ಏನೂ ಬೀಳದಿದ್ದರೂ ಅದನ್ನು ಬದಲಿಸಬೇಕು.

ಇನ್ನು ಆ ಟೆಸ್ಟ್ ಗುಂಡಿ. ಒತ್ತಿದಾಗ ಒಳಗೇ ಸಣ್ಣದೊಂದು ಕೃತಕ ಸೋರಿಕೆ ಹುಟ್ಟಿ ಲಿವರ್ ಬೀಳಬೇಕು. ವರ್ಷಗಟ್ಟಲೆ ಅಲುಗಾಡದೆ ಕೂತ ಯಂತ್ರ ಜಡವಾಗುವುದರಿಂದ ಕೆಲವು ತಿಂಗಳಿಗೊಮ್ಮೆಯಾದರೂ ಒತ್ತಿ ನೋಡಲು ತಯಾರಕರು ಹೇಳುತ್ತಾರೆ. ಕರೆಂಟು ಇದ್ದಾಗ ಒತ್ತಿ. ಇಲ್ಲದಾಗ ಒತ್ತಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕರೆಂಟು ಇದ್ದೂ ಲಿವರ್ ಬೀಳದಿದ್ದರೆ, ಉಳಿದೆಲ್ಲ ಸರಿಯಾಗಿ ನಡೆಯುತ್ತಿದ್ದರೂ ಆ ಆರ್‌ಸಿಸಿಬಿಯನ್ನು ಕೂಡಲೇ ಬದಲಿಸಿ.